ಸಂಕೇತ ಪ್ರೋಟೀನಿನ ಜೊತೆಗಾರರನ್ನು ಗುರುತಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಜೀವಕೋಶಗಳ ಸಂಕೇತ ರವಾನೆಯ ಬಗ್ಗೆ ಸಂಶೋಧನೆ ಆರಂಭಿಸುವವರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ನನ್ನ ಪ್ರೋಟೀನ್ ಯಾವ ಯಾವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ ಎಂದು ತಿಳಿಯಲು ಯಾವ ವಿಧಾನ ಒಳ್ಳೆಯದು?" ಒಂದು ವಿಧಾನದ ಹೆಸರು ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಸಂಕೇತ ರವಾನೆಯೆಂದರೆ ಹೊರಗಿನ ಹಾರ್ಮೋನು ಅಥವಾ ಬೆಳವಣಿಗೆಯ ಅಂಶ ತಂದ ಸುದ್ದಿ ಕೋಶಪೊರೆಯಿಂದ ಒಳಕ್ಕೆ ದಾಟುವ ಕ್ರಿಯೆ. ಇದರಲ್ಲಿ ಪಾಲ್ಗೊಳ್ಳುವ ಪ್ರೋಟೀನುಗಳ ನಂಟು ಸ್ಥಿರವಾಗಿರುವುದಿಲ್ಲ. ಒಂದು ಫಾಸ್ಫೇಟ್ ಗುಂಪು ಸೇರಿದ ಕೂಡಲೇ ಕೂಡಿಕೊಂಡ ಜೋಡಿ ಆ ಫಾಸ್ಫೇಟ್ ಕಳಚಿದೊಡನೆ ಬಿಡಿಯಾಗುತ್ತದೆ. ಹೀಗಾಗಿ ವಿಧಾನವನ್ನು ಆರಿಸುವ ಮೊದಲು ಜೀವಕೋಶ ಯಾವ ಸ್ಥಿತಿಯಲ್ಲಿರಬೇಕು, ಯಾವುದರೊಂದಿಗೆ ಹೋಲಿಸಿ ನೋಡಬೇಕು ಎಂಬ ಎರಡು ವಿಷಯಗಳು ತೀರ್ಮಾನವಾಗಿರಬೇಕು. ಈ ತೀರ್ಮಾನವಿಲ್ಲದೆ ಆರಂಭಿಸಿದ ಪ್ರಯೋಗದಿಂದ ಉದ್ದನೆಯ ಪಟ್ಟಿ ಸಿಗಬಹುದು, ಆದರೆ ಅದರಲ್ಲಿ ನಂಬಬಹುದಾದದ್ದು ಯಾವುದೆಂದು ಹೇಳಲಾಗುವುದಿಲ್ಲ.

ವಿವರಣೆಗೆ ಉದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್, ತನ್ನ ಗ್ರಾಹಕವಾದ ಇಜಿಎಫ್‌ಆರ್‌ಗೆ ಅಂಟಿದಾಗ ಗ್ರಾಹಕದ ಒಳಬಾಲದಲ್ಲಿರುವ ಟೈರೊಸಿನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಸೇರುತ್ತದೆ. ಗ್ರಬ್2 ಎಂಬ ಪುಟ್ಟ ಪ್ರೋಟೀನ್ ತನ್ನ ಎಸ್‌ಎಚ್2 ಭಾಗದಿಂದ ಆ ಫಾಸ್ಫೇಟ್ ಹೊತ್ತ ಟೈರೊಸಿನ್ನನ್ನು ಹಿಡಿಯುತ್ತದೆ, ಎರಡು ಎಸ್‌ಎಚ್3 ಭಾಗಗಳಿಂದ ಸಾಸ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದಿರುತ್ತದೆ, ಸಾಸ್ ಮುಂದೆ ರಾಸ್ ಎಂಬ ಸಂಕೇತ ಪ್ರೋಟೀನನ್ನು ಚಾಲೂ ಮಾಡುತ್ತದೆ. ಇಲ್ಲಿ ಬರುವ ಡೊಮೈನ್ ಎಂಬ ಪದಕ್ಕೆ, ಪ್ರೋಟೀನಿನೊಳಗೆ ತಾನಾಗಿಯೇ ಮಡಚಿಕೊಂಡು ಒಂದು ನಿರ್ದಿಷ್ಟ ಕೆಲಸ ಮಾಡುವ ಭಾಗ ಎಂದು ಅರ್ಥ. ಎಸ್‌ಎಚ್2 ಸುಮಾರು 100 ಅಮೈನೊ ಆಮ್ಲಗಳ ಒಂದು ಡೊಮೈನ್.

ಬೇಕಾಗುವುದೇನು

ಕೋಶ ಸಂವರ್ಧನೆಯ ಸೌಲಭ್ಯ, ನಿಮ್ಮ ಪ್ರೋಟೀನನ್ನು ಗುರುತಿಸುವ ಒಳ್ಳೆಯ ಆಂಟಿಬಾಡಿ, ಅದನ್ನು ಹಿಡಿದಿಡುವ ಅಯಸ್ಕಾಂತೀಯ ಅಥವಾ ಅಗರೋಸ್ ಮಣಿಗಳು, ತಣ್ಣಗಿಡುವ ಸೆಂಟ್ರಿಫ್ಯೂಜ್, ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡುವ ವ್ಯವಸ್ಥೆ ಮತ್ತು ದ್ರವ್ಯರಾಶಿ ಅಳೆದು ಪ್ರೋಟೀನನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಕೇಂದ್ರವೊಂದರ ಸಹಕಾರ ಬೇಕು. ಇವುಗಳ ಜೊತೆಗೆ, ಸಾಧ್ಯವಾದರೆ, ನಿಮ್ಮ ಪ್ರೋಟೀನಿನ ಜೀನನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದ ಮೂಲಕ ತೆಗೆದುಹಾಕಿದ ಜೀವಕೋಶಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. ಅನೇಕರು ಇದನ್ನು ಕೊನೆಯಲ್ಲಿ, ವಿಮರ್ಶಕರು ಕೇಳಿದ ಮೇಲೆ ಮಾಡುತ್ತಾರೆ. ಆರಂಭದಲ್ಲೇ ಇದ್ದರೆ ಆಂಟಿಬಾಡಿ ಹಿಡಿಯುತ್ತಿರುವುದು ನಿಮ್ಮ ಪ್ರೋಟೀನನ್ನೇ ಹೌದೋ ಅಲ್ಲವೋ ಎಂಬುದು ಒಂದೇ ಬ್ಲಾಟಿನಲ್ಲಿ ಗೊತ್ತಾಗುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಗ್ರಬ್2 ಯಾವುದಕ್ಕೆ ಅಂಟುತ್ತದೆ?" ಎಂಬುದು ಪ್ರಯೋಗಕ್ಕೆ ಒದಗುವ ಪ್ರಶ್ನೆಯಲ್ಲ. "ಇಜಿಎಫ್ ಕೊಟ್ಟ ಎರಡು ನಿಮಿಷದಲ್ಲಿ ಗ್ರಬ್2 ಜೊತೆ ಹೊಸದಾಗಿ ಸೇರುವ ಪ್ರೋಟೀನುಗಳು ಯಾವುವು, ಗ್ರಾಹಕದ ಕೈನೇಸ್ ಚಟುವಟಿಕೆಯನ್ನು ತಡೆದಾಗ ಅವುಗಳಲ್ಲಿ ಯಾವುವು ಸೇರುವುದಿಲ್ಲ?" ಎಂಬುದು ಪ್ರಶ್ನೆ. ಕೈನೇಸ್ ಎಂದರೆ ಫಾಸ್ಫೇಟ್ ಸೇರಿಸುವ ಕಿಣ್ವ, ಫಾಸ್ಫಟೇಸ್ ಎಂದರೆ ಅದನ್ನು ಕಳಚುವ ಕಿಣ್ವ. ಈ ವಾಕ್ಯ ಸಿದ್ಧವಾದರೆ ನಿಮಗೆ ಬೇಕಾದ ಮಾದರಿಗಳೂ ತಾವಾಗಿಯೇ ತೀರ್ಮಾನವಾಗುತ್ತವೆ: ಪ್ರಚೋದನೆ ಇಲ್ಲದ್ದು, ಪ್ರಚೋದನೆ ಇರುವುದು, ಪ್ರಚೋದನೆಯ ಜೊತೆಗೆ ಜೆಫಿಟಿನಿಬ್‌ನಂಥ ಕೈನೇಸ್ ತಡೆಯಿರುವುದು, ಮತ್ತು ಎರೆಯೇ ಇಲ್ಲದ್ದು. ಜೊತೆಗಾರರನ್ನು ಹಿಡಿಯಲು ಬಳಸುವ ನಿಮ್ಮ ಪ್ರೋಟೀನಿಗೆ ಈ ಕ್ಷೇತ್ರದಲ್ಲಿ ಎರೆ ಎಂದು ಹೆಸರು.

ಹಂತ 2: ಈಗಾಗಲೇ ತಿಳಿದಿರುವುದನ್ನು ನೋಡಿ

ಬಯೋಗ್ರಿಡ್, ಇಂಟ್ಯಾಕ್ಟ್, ಸ್ಟ್ರಿಂಗ್ ಎಂಬ ದತ್ತಸಂಗ್ರಹಗಳಲ್ಲಿ ನಿಮ್ಮ ಪ್ರೋಟೀನನ್ನು ಹುಡುಕಿ. ಅದರ ಮೇಲೆ ಫಾಸ್ಫೇಟ್ ಸೇರುವ ಜಾಗಗಳನ್ನು ಫಾಸ್ಫೋಸೈಟ್‌ಪ್ಲಸ್‌ನಲ್ಲಿ ನೋಡಿ. ಸ್ಟ್ರಿಂಗ್ ತೋರಿಸುವ ಗೆರೆಗಳೆಲ್ಲ ನೇರ ಅಂಟಿಕೆಯನ್ನು ಸೂಚಿಸುವುದಿಲ್ಲ ಎಂಬುದು ನೆನಪಿರಲಿ. ಎರಡು ಹೆಸರುಗಳು ಒಟ್ಟಿಗೆ ಅನೇಕ ಪ್ರಬಂಧಗಳಲ್ಲಿ ಬಂದಿವೆ ಎಂಬ ಕಾರಣಕ್ಕೂ ಅಲ್ಲಿ ಗೆರೆ ಬೀಳುತ್ತದೆ. ಆಲ್ಫಾಫೋಲ್ಡ್‌ನಂಥ ಸಾಧನಗಳು ಎರಡು ಪ್ರೋಟೀನುಗಳು ಕೂಡುವ ರೀತಿಯನ್ನು ಊಹಿಸಿಕೊಡುತ್ತವೆ. ಆದರೆ ಫಾಸ್ಫೇಟ್ ಇದ್ದರೆ ಮಾತ್ರ ಆಗುವ ಬಂಧನವನ್ನು ಫಾಸ್ಫೇಟ್ ಇಲ್ಲದ ಸರಣಿ ಕೊಟ್ಟು ಕೇಳಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ.

ಹಂತ 3: ವಿಧಾನವನ್ನು ಆರಿಸಿ

ಕೋ-ಇಮ್ಯುನೊಪ್ರೆಸಿಪಿಟೇಶನ್, ರೂಢಿಯಲ್ಲಿ ಕೋ-ಐಪಿ, ಎಂದರೆ ಜೀವಕೋಶವನ್ನು ಒಡೆದು, ಆಂಟಿಬಾಡಿಯಿಂದ ಎರೆಯನ್ನು ಹಿಡಿದು, ಅದರೊಂದಿಗೆ ಬಂದವರನ್ನು ನೋಡುವುದು. ಎರೆ ತನ್ನ ಸಹಜ ಪ್ರಮಾಣದಲ್ಲೇ ಇರುತ್ತದೆ, ಜೀವಕೋಶವೂ ತನ್ನದೇ ಸ್ಥಿತಿಯಲ್ಲಿರುತ್ತದೆ ಎಂಬುದು ಇದರ ದೊಡ್ಡ ಗುಣ. ದೋಷವೆಂದರೆ ದುರ್ಬಲ ಬಂಧನಗಳು ಒಡೆಯುವಾಗ ಮತ್ತು ತೊಳೆಯುವಾಗ ಕಳಚಿಹೋಗುತ್ತವೆ. ಎಷ್ಟು ಬೇಗ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ವಿಘಟನಾ ಸ್ಥಿರಾಂಕ, ಅಂದರೆ ಅರ್ಧದಷ್ಟು ಪ್ರೋಟೀನ್ ಬಂಧನದಲ್ಲಿರಲು ಬೇಕಾದ ಜೊತೆಗಾರನ ಸಾಂದ್ರತೆ, 1 ಮೈಕ್ರೋಮೋಲಾರ್ ಎಂದುಕೊಳ್ಳಿ. ಕೂಡುವ ವೇಗ ಪ್ರತಿ ಮೋಲಾರ್‌ಗೆ ಪ್ರತಿ ಸೆಕೆಂಡಿಗೆ ಹತ್ತು ಲಕ್ಷವಿದ್ದರೆ ಆ ಜೋಡಿಯ ಅರ್ಧಾಯುಷ್ಯ ಒಂದು ಸೆಕೆಂಡಿಗಿಂತಲೂ ಕಡಿಮೆ. ಅದೇ ಸ್ಥಿರಾಂಕ 1 ನ್ಯಾನೋಮೋಲಾರ್ ಆಗಿದ್ದರೆ ಅರ್ಧಾಯುಷ್ಯ ಹನ್ನೊಂದು ನಿಮಿಷಕ್ಕೂ ಹೆಚ್ಚು. ತಣ್ಣಗಿಟ್ಟರೆ ಕಳಚುವ ವೇಗ ಕಡಿಮೆಯಾಗುತ್ತದೆ ನಿಜ. ಆದರೂ ಅರ್ಧ ಗಂಟೆಯ ತೊಳೆತವನ್ನು ತಾಳುವ ಜೋಡಿ ಯಾವುದು, ತಾಳದ ಜೋಡಿ ಯಾವುದು ಎಂಬ ಅಂದಾಜು ಇದರಿಂದ ಸಿಗುತ್ತದೆ.

ಸಂಕೇತ ರವಾನೆಯಲ್ಲಿ ಹೀಗೆ ತೊಳೆತವನ್ನು ತಾಳದ ಜೋಡಿಗಳೇ ಹೆಚ್ಚಾದ್ದರಿಂದ ಸಾಮೀಪ್ಯ ಗುರುತಿನ ವಿಧಾನಗಳು ಬಂದವು. 2012ರಲ್ಲಿ ಪ್ರಕಟವಾದ ಬಯೋಐಡಿಯಲ್ಲಿ ಎರೆಗೆ ಒಂದು ಕಿಣ್ವವನ್ನು ಜೋಡಿಸಲಾಗುತ್ತದೆ. ಅದು ಸುಮಾರು 10 ನ್ಯಾನೋಮೀಟರ್ ವ್ಯಾಪ್ತಿಯಲ್ಲಿರುವ ಪ್ರೋಟೀನುಗಳಿಗೆ ಬಯೋಟಿನ್ ಎಂಬ ವಿಟಮಿನನ್ನು ಅಂಟಿಸುತ್ತದೆ. ಬಂಧನ ಆಮೇಲೆ ಕಳಚಿದರೂ ಗುರುತು ಉಳಿದಿರುತ್ತದೆ. ಆದ್ದರಿಂದ ಜೀವಕೋಶವನ್ನು ಎಷ್ಟು ಕಠಿಣವಾಗಿ ಒಡೆದರೂ ಚಿಂತೆಯಿಲ್ಲ. ಮೂಲ ಬಯೋಐಡಿಗೆ 18ರಿಂದ 24 ಗಂಟೆ ಬೇಕಾಗುತ್ತಿತ್ತು. ಎರಡು ನಿಮಿಷದ ಸಂಕೇತವನ್ನು ಇದರಿಂದ ನೋಡಲು ಹೊರಡುವುದು ವ್ಯರ್ಥ. 2018ರಲ್ಲಿ ಬಂದ ಟರ್ಬೋಐಡಿ ಹತ್ತು ನಿಮಿಷದಲ್ಲಿ ಗುರುತು ಹಾಕುತ್ತದೆ, ಎಪೆಕ್ಸ್2 ಎಂಬ ಇನ್ನೊಂದು ಕಿಣ್ವ ಒಂದೇ ನಿಮಿಷದಲ್ಲಿ. ಎಪೆಕ್ಸ್2ಗೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಅದು ಟೈರೊಸಿನ್ ಫಾಸ್ಫಟೇಸ್‌ಗಳನ್ನು ತಾನೇ ನಿಷ್ಕ್ರಿಯಗೊಳಿಸಬಲ್ಲದು ಎಂಬುದು ಸಂಕೇತ ರವಾನೆಯ ಪ್ರಯೋಗಗಳಲ್ಲಿ ಮರೆಯಬಾರದ ಮಾತು. ಇನ್ನೂ ಒಂದು ಎಚ್ಚರಿಕೆ: ಈ ವಿಧಾನಗಳು ಹತ್ತಿರ ಇದ್ದವರನ್ನು ಹೇಳುತ್ತವೆ, ಅಂಟಿಕೊಂಡವರನ್ನಲ್ಲ.

1989ರಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ಪರಿಚಯಿಸಿದ ಯೀಸ್ಟ್ ಟೂ-ಹೈಬ್ರಿಡ್ ವಿಧಾನದಲ್ಲಿ, ಎರಡು ಪ್ರೋಟೀನುಗಳು ಕೂಡಿದಾಗ ಯೀಸ್ಟ್ ಕೋಶದಲ್ಲಿ ಒಂದು ಸೂಚಕ ಜೀನ್ ಚಾಲೂ ಆಗುತ್ತದೆ. ಸಾವಿರಾರು ಜೋಡಿಗಳನ್ನು ಅಗ್ಗವಾಗಿ ಪರೀಕ್ಷಿಸಲು ಇದು ಈಗಲೂ ಉಪಯುಕ್ತ. ಆದರೆ ಬೇಕರಿ ಯೀಸ್ಟಿನಲ್ಲಿ ನಮ್ಮಲ್ಲಿರುವಂಥ ಟೈರೊಸಿನ್ ಕೈನೇಸ್‌ಗಳಿಲ್ಲ. ಎಸ್‌ಎಚ್2 ಮೂಲಕ ಆಗುವ ಬಂಧನಗಳನ್ನು ಹುಡುಕುವವರು ಒಂದು ಕೈನೇಸನ್ನು ಹೊರಗಿನಿಂದ ಸೇರಿಸದಿದ್ದರೆ ಏನೂ ಕಾಣುವುದಿಲ್ಲ, ಕಾಣದ್ದನ್ನು ಇಲ್ಲವೆಂದು ಬರೆದುಬಿಡುವ ಅಪಾಯವೂ ಇದೆ.

ನನ್ನ ಸಲಹೆ ಕೇಳಿದರೆ, ಒಳ್ಳೆಯ ಆಂಟಿಬಾಡಿ ಇದ್ದವರು ಕೋ-ಐಪಿಯಿಂದ ಆರಂಭಿಸಿ ಟರ್ಬೋಐಡಿಯನ್ನು ಎರಡನೆಯ ಸಾಕ್ಷಿಯಾಗಿ ಬಳಸಬೇಕು. ಮುಂದಿನ ಹಂತಗಳನ್ನು ಕೋ-ಐಪಿಗೆ ಹೊಂದುವಂತೆ ಬರೆದಿದ್ದೇನೆ.

ಹಂತ 4: ಎರೆಯನ್ನು ಸಿದ್ಧಪಡಿಸಿ

ಆಂಟಿಬಾಡಿ ಚೆನ್ನಾಗಿಲ್ಲದಿದ್ದರೆ ಎರೆಗೆ ಟ್ಯಾಗ್ ಸೇರಿಸಬೇಕಾಗುತ್ತದೆ. ಟ್ಯಾಗ್ ಎಂದರೆ ಹಿಡಿಯಲು ಅನುಕೂಲವಾಗುವ ಚಿಕ್ಕ ಸರಣಿ. ಫ್ಲ್ಯಾಗ್ ಟ್ಯಾಗಿನಲ್ಲಿ 8 ಅಮೈನೊ ಆಮ್ಲಗಳು, ಎಚ್‌ಎ ಟ್ಯಾಗಿನಲ್ಲಿ 9. ಪ್ರೋಟೀನಿನ ಯಾವ ತುದಿಗೆ ಸೇರಿಸುತ್ತೀರಿ ಎಂಬುದನ್ನು ಯೋಚಿಸಿ ನಿರ್ಧರಿಸಿ. ರಾಸ್‌ನ ಕೊನೆಯ ತುದಿಗೆ ಪೊರೆಯಲ್ಲಿ ಊರಿಕೊಳ್ಳುವ ಕೊಬ್ಬಿನ ಸರಪಳಿ ಸೇರುವುದರಿಂದ ಅಲ್ಲಿ ಟ್ಯಾಗ್ ಇಟ್ಟರೆ ಪ್ರೋಟೀನ್ ಪೊರೆಯನ್ನೇ ತಲುಪುವುದಿಲ್ಲ. ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಅತಿಯಾದ ಉತ್ಪಾದನೆ. ಸಹಜ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚಾಗಿ ತಯಾರಾದ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಚಾಪರೋನ್‌ಗಳಿಗೆ, ಅಂದರೆ ಮಡಚಲು ನೆರವಾಗುವ ಪ್ರೋಟೀನುಗಳಿಗೆ, ಜೋತುಬೀಳುತ್ತದೆ, ಆಗ ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿ ಎಚ್‌ಎಸ್‌ಪಿ70 ಬಂದು ಕೂರುತ್ತದೆ. ಕ್ರಿಸ್ಪರ್ ಮೂಲಕ ಜೀನಿನ ಸ್ವಂತ ಜಾಗದಲ್ಲೇ ಟ್ಯಾಗ್ ಸೇರಿಸುವುದು ಶ್ರಮದ ಕೆಲಸವಾದರೂ ಆ ಶ್ರಮ ಮುಂದೆ ಉಳಿತಾಯವಾಗುತ್ತದೆ.

ಹಂತ 5: ಪ್ರಚೋದಿಸಿ, ಸರಿಯಾದ ಹೊತ್ತಿಗೆ ನಿಲ್ಲಿಸಿ

ಸಂವರ್ಧನಾ ದ್ರವದಲ್ಲಿರುವ ಸೀರಮ್ಮಿನಲ್ಲಿಯೇ ಬೆಳವಣಿಗೆಯ ಅಂಶಗಳಿರುವುದರಿಂದ ಜೀವಕೋಶಗಳನ್ನು ಮೊದಲು ಕೆಲವು ಗಂಟೆ, ಸಾಮಾನ್ಯವಾಗಿ ಒಂದು ರಾತ್ರಿ, ಸೀರಮ್ ಇಲ್ಲದೆ ಇಡಬೇಕು. ನಂತರ ಇಜಿಎಫ್ ಕೊಟ್ಟು 0, 1, 2, 5, 15, 30 ನಿಮಿಷಗಳ ಸಣ್ಣ ಪ್ರಯೋಗ ಮಾಡಿ ಫಾಸ್ಫೊಟೈರೊಸಿನ್ ಬ್ಲಾಟ್ ನೋಡಿ. ಗ್ರಾಹಕದ ಫಾಸ್ಫೇಟ್ ಕೆಲವೇ ನಿಮಿಷಗಳಲ್ಲಿ ಗರಿಷ್ಠಕ್ಕೇರಿ ಇಳಿಯತೊಡಗುತ್ತದೆ. ದೊಡ್ಡ ಪ್ರಯೋಗದ ಸಮಯವನ್ನು ಈ ಬ್ಲಾಟ್ ನೋಡಿ ಆರಿಸಿ, ಬೇರೆಯವರ ಪ್ರಬಂಧ ನೋಡಿ ಅಲ್ಲ. ನಿಮ್ಮ ಜೀವಕೋಶದಲ್ಲಿ ಗ್ರಾಹಕಗಳ ಸಂಖ್ಯೆ ಬೇರೆ ಇರಬಹುದು. ಸಮಯ ಮುಗಿದ ಕೂಡಲೇ ದ್ರವವನ್ನು ಚೆಲ್ಲಿ, ಮಂಜುಗಡ್ಡೆಯಷ್ಟು ತಣ್ಣಗಿನ ಉಪ್ಪುದ್ರಾವಣದಿಂದ ತೊಳೆದು, ತಟ್ಟೆಯನ್ನು ಮಂಜುಗಡ್ಡೆಯ ಮೇಲಿಡಿ. ಹತ್ತು ತಟ್ಟೆಗಳನ್ನು ಒಬ್ಬರೇ ಸಂಭಾಳಿಸುವಾಗ ಮೊದಲನೆಯದಕ್ಕೂ ಕೊನೆಯದಕ್ಕೂ ಸಮಯದ ಅಂತರ ಬೀಳುತ್ತದೆ. ಪ್ರಚೋದನೆಯನ್ನೂ ಅಷ್ಟೇ ಅಂತರದಲ್ಲಿ ಒಂದರ ನಂತರ ಒಂದಕ್ಕೆ ಕೊಟ್ಟರೆ ಇದು ಸರಿಹೋಗುತ್ತದೆ.

ಹಂತ 6: ಜೀವಕೋಶವನ್ನು ಒಡೆಯಿರಿ

ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಲೈಸಿಸ್ ಬಫರ್, ಅಂದರೆ ಕೋಶಪೊರೆಯನ್ನು ಕರಗಿಸುವ ದ್ರಾವಣ, ಪೊರೆಯನ್ನು ಒಡೆಯಬೇಕು, ಬಂಧನಗಳನ್ನು ಒಡೆಯಬಾರದು. ಆರಂಭಕ್ಕೆ 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, 150 ಮಿಲಿಮೋಲಾರ್ ಉಪ್ಪು, ಶೇ. 10 ಗ್ಲಿಸರಾಲ್ ಮತ್ತು ಶೇ. 0.5ರಿಂದ 1ರಷ್ಟು ಎನ್‌ಪಿ-40 ಮಾರ್ಜಕ ಇರುವ ಬಫರ್ ಸಾಕು. ವೆಸ್ಟರ್ನ್ ಬ್ಲಾಟಿಗೆ ಎಲ್ಲರೂ ಬಳಸುವ ರಿಪಾ ಬಫರ್ ಇಲ್ಲಿ ಬೇಡ. ಅದರಲ್ಲಿರುವ ಎಸ್‌ಡಿಎಸ್ ಮತ್ತು ಡಿಆಕ್ಸಿಕೋಲೇಟ್ ಅನೇಕ ಜೋಡಿಗಳನ್ನು ಬಿಡಿಸಿಬಿಡುತ್ತವೆ. ಮೃದುವೆಂದು ಹೆಸರಾದ ಮಾರ್ಜಕಗಳೂ ಎಲ್ಲ ಕಡೆ ಸುರಕ್ಷಿತವಲ್ಲ. ಎಂಟಾರ್ ಎಂಬ ಕೈನೇಸ್ ಮತ್ತು ಅದರ ಜೊತೆಗಾರ ರ‍್ಯಾಪ್ಟರ್ ನಡುವಿನ ಬಂಧನ ಟ್ರೈಟಾನ್ ಎಕ್ಸ್-100ರಲ್ಲಿ ಕಳಚುತ್ತದೆ, ಶೇ. 0.3ರ ಚಾಪ್ಸ್ ಎಂಬ ಮಾರ್ಜಕದಲ್ಲಿ ಉಳಿಯುತ್ತದೆ. ನಿಮ್ಮ ಪ್ರೋಟೀನಿನ ಗೊತ್ತಿರುವ ಒಬ್ಬ ಜೊತೆಗಾರನನ್ನು ಮುಂದಿಟ್ಟುಕೊಂಡು ಎರಡು ಮೂರು ಮಾರ್ಜಕಗಳನ್ನು ಹೋಲಿಸಿ ನೋಡುವುದು ಇದಕ್ಕಾಗಿಯೇ.

ಕೋಶ ಒಡೆದ ಕ್ಷಣದಿಂದ ಫಾಸ್ಫಟೇಸ್‌ಗಳು ಅಡೆತಡೆಯಿಲ್ಲದೆ ಫಾಸ್ಫೇಟ್ ಕಳಚತೊಡಗುತ್ತವೆ. ಟೈರೊಸಿನ್ ಫಾಸ್ಫಟೇಸ್‌ಗಳನ್ನು ತಡೆಯಲು 1 ಮಿಲಿಮೋಲಾರ್ ಸೋಡಿಯಂ ಆರ್ಥೊವ್ಯಾನಡೇಟ್, ಸೆರೀನ್ ಮತ್ತು ಥ್ರಿಯೊನೀನ್ ಫಾಸ್ಫಟೇಸ್‌ಗಳಿಗೆ ಸೋಡಿಯಂ ಫ್ಲೋರೈಡ್ ಹಾಗೂ ಬೀಟಾ-ಗ್ಲಿಸರೋಫಾಸ್ಫೇಟ್ ಸೇರಿಸಿ. ವ್ಯಾನಡೇಟನ್ನು ನೀರಿನಲ್ಲಿ ಕರಗಿಸಿ ಹಾಗೆಯೇ ಬಳಸಿದರೆ ಅರೆಬರೆ ಕೆಲಸವಾಗುತ್ತದೆ. ಅಣುಗಳು ಒಂದಕ್ಕೊಂದು ಸೇರಿ ದ್ರಾವಣ ಹಳದಿಯಾಗಿರುತ್ತದೆ, ಆ ರೂಪ ಫಾಸ್ಫಟೇಸನ್ನು ಸರಿಯಾಗಿ ತಡೆಯುವುದಿಲ್ಲ. ಪಿಎಚ್ ಅನ್ನು 10ಕ್ಕೆ ತಂದು, ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಪಿಎಚ್ ನೋಡಿ ಮತ್ತೆ 10ಕ್ಕೆ ತನ್ನಿ. ಕುದಿಸಿದ ಮೇಲೂ ದ್ರಾವಣ ಬಣ್ಣವಿಲ್ಲದೆ, ಪಿಎಚ್ 10ರಲ್ಲೇ ನಿಲ್ಲುವವರೆಗೆ ಇದನ್ನು ಪುನರಾವರ್ತಿಸಿ ಸಣ್ಣ ಸಣ್ಣ ಪಾಲುಗಳಾಗಿ ಫ್ರೀಜರಿನಲ್ಲಿಡಿ. ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಮತ್ತು ಗಂಧಕದ ಬಂಧಗಳನ್ನು ಬಿಡಿಸುವ ಡಿಟಿಟಿ ವ್ಯಾನಡೇಟಿನ ಕೆಲಸವನ್ನು ಹಾಳುಮಾಡುತ್ತವೆ, ಆದ್ದರಿಂದ ಪ್ರೋಟೀನ್ ಒಡೆಯುವ ಕಿಣ್ವಗಳನ್ನು ತಡೆಯುವ ಮಿಶ್ರಣವನ್ನು ಕೊಳ್ಳುವಾಗ ಇಡಿಟಿಎ ಇಲ್ಲದ್ದನ್ನು ಕೊಳ್ಳಿ. ಕ್ಯಾಲ್ಮೊಡ್ಯುಲಿನ್‌ನಂತೆ ಕ್ಯಾಲ್ಸಿಯಂ ಇದ್ದರೆ ಮಾತ್ರ ಅಂಟುವ ಪ್ರೋಟೀನುಗಳ ವಿಷಯದಲ್ಲೂ ಇಡಿಟಿಎ ಶತ್ರುವೇ.

ಒಡೆದ ನಂತರ ತಣ್ಣಗಿನ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಇದಕ್ಕೆ ಲೈಸೇಟ್ ಎನ್ನುತ್ತಾರೆ. ಕೋಶಕೇಂದ್ರದ ಪ್ರೋಟೀನುಗಳಾದರೆ ಡಿಎನ್‌ಎ ಮತ್ತು ಆರ್‌ಎನ್‌ಎಯನ್ನು ಕತ್ತರಿಸುವ ಬೆಂಜೊನೇಸ್ ಕಿಣ್ವ ಸೇರಿಸಿ. ಇಲ್ಲದಿದ್ದರೆ ಒಂದೇ ಡಿಎನ್‌ಎ ಎಳೆಗೆ ಅಂಟಿದ ಎರಡು ಪ್ರೋಟೀನುಗಳು ಪರಸ್ಪರ ಅಂಟಿದಂತೆ ಕಾಣುತ್ತವೆ.

ಬಂಧನ ತೀರಾ ಕ್ಷಣಿಕವಾಗಿದ್ದರೆ ಒಡೆಯುವ ಮೊದಲೇ ಡಿಎಸ್‌ಪಿ ಎಂಬ ರಾಸಾಯನಿಕದಿಂದ ಜೋಡಿಗಳನ್ನು ಬೆಸೆಯಬಹುದು. ಈ ಬೆಸುಗೆಯನ್ನು ಆಮೇಲೆ ಡಿಟಿಟಿಯಿಂದ ಬಿಡಿಸಲು ಬರುತ್ತದೆ. ಬೆಸೆಯುವಾಗ ಟ್ರಿಸ್ ಇರುವ ಬಫರ್ ಬಳಸಬೇಡಿ, ಏಕೆಂದರೆ ಟ್ರಿಸ್ ತಾನೇ ಡಿಎಸ್‌ಪಿಯನ್ನು ನುಂಗಿಹಾಕುತ್ತದೆ. ಬೆಸುಗೆ ಮುಗಿಸಲು ಅದೇ ಟ್ರಿಸ್ ಸೇರಿಸಲಾಗುತ್ತದೆ.

ಹಂತ 7: ಹಿಡಿಯಿರಿ, ತೊಳೆಯಿರಿ

ಎಲ್ಲ ಮಾದರಿಗಳಲ್ಲೂ ಪ್ರೋಟೀನಿನ ಒಟ್ಟು ಪ್ರಮಾಣವನ್ನು ಅಳೆದು ಸಮ ಮಾಡಿ, ಒಂದು ಪಾಲನ್ನು ಇನ್‌ಪುಟ್ ಎಂದು ಬೇರೆ ತೆಗೆದಿಡಿ. ಆಂಟಿಬಾಡಿ ಹೊತ್ತ ಮಣಿಗಳೊಂದಿಗೆ ಲೈಸೇಟನ್ನು 4 ಡಿಗ್ರಿಯಲ್ಲಿ ಒಂದೆರಡು ಗಂಟೆ ತಿರುಗಿಸಿದರೆ ಸಾಕು. ರಾತ್ರಿಯಿಡೀ ಬಿಡುವ ಪದ್ಧತಿಯಿಂದ ಸಿಗುವ ಎರೆ ಸ್ವಲ್ಪ ಹೆಚ್ಚು, ಅಂಟುವ ಕಸ ಇನ್ನೂ ಹೆಚ್ಚು. ಮಾರ್ಜಕವಿರುವ ಬಫರಿನಿಂದ ಮೂರು ನಾಲ್ಕು ಬಾರಿ ಬೇಗ ಬೇಗ ತೊಳೆದು, ಮೊದಲ ತೊಳೆತದ ನಂತರ ಮಣಿಗಳನ್ನು ಹೊಸ ಟ್ಯೂಬಿಗೆ ವರ್ಗಾಯಿಸಿ. ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿದ್ದೆಲ್ಲ ಹಳೆಯ ಟ್ಯೂಬಿನಲ್ಲೇ ಉಳಿಯುತ್ತದೆ. ಫ್ಲ್ಯಾಗ್ ಟ್ಯಾಗ್ ಬಳಸಿದವರು ಕೊನೆಗೆ ಕುದಿಸುವ ಬದಲು ಫ್ಲ್ಯಾಗ್ ಪೆಪ್ಟೈಡಿನಿಂದ, ಅಂದರೆ ಅದೇ ಸರಣಿಯ ಬಿಡಿ ತುಂಡಿನಿಂದ, ಬಿಡಿಸಿಕೊಂಡರೆ ಆಂಟಿಬಾಡಿ ಮಣಿಯಲ್ಲೇ ಉಳಿದು ಮಾದರಿ ಚೊಕ್ಕಟವಾಗಿ ಬರುತ್ತದೆ.

ಹಂತ 8: ಮೊದಲು ವೆಸ್ಟರ್ನ್ ಬ್ಲಾಟ್

ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುವ ಮುನ್ನ ಎರೆ ಸಿಕ್ಕಿದೆಯೇ, ಗೊತ್ತಿರುವ ಜೊತೆಗಾರ ಬಂದಿದ್ದಾನೆಯೇ, ಪ್ರಚೋದನೆಯಿಲ್ಲದ ಮಾದರಿಯಲ್ಲಿ ಅವನು ಕಡಿಮೆಯಾಗಿದ್ದಾನೆಯೇ ಎಂದು ಬ್ಲಾಟಿನಲ್ಲಿ ನೋಡಿ. ಗ್ರಬ್2 ಅನ್ನು ಹುಡುಕುವವರಿಗೆ ಇಲ್ಲೊಂದು ಬಲೆಯಿದೆ. ಅದರ ತೂಕ ಸುಮಾರು 25 ಕಿಲೋಡಾಲ್ಟನ್, ಆಂಟಿಬಾಡಿಯ ಹಗುರ ಸರಪಳಿಯದೂ ಅಷ್ಟೇ. ಗ್ರಾಹಕವನ್ನು ಹಿಡಿದು ಗ್ರಬ್2 ಬಂದಿದೆಯೇ ಎಂದು ನೋಡಿದಾಗ ಆ ಜಾಗದಲ್ಲಿ ದಪ್ಪನೆಯ ಪಟ್ಟಿ ಎಲ್ಲ ಮಾದರಿಗಳಲ್ಲೂ, ಸಂಬಂಧವಿಲ್ಲದ ಆಂಟಿಬಾಡಿ ಬಳಸಿದ ಕಂಟ್ರೋಲಿನಲ್ಲೂ (ಹೋಲಿಕೆಯ ಮಾದರಿಯಲ್ಲೂ), ಕಾಣಿಸುತ್ತದೆ. ಮಣಿಗೆ ರಾಸಾಯನಿಕವಾಗಿ ಬೆಸೆದ ಆಂಟಿಬಾಡಿ, ಅಥವಾ ಭಾರ ಸರಪಳಿಯನ್ನು ಮಾತ್ರ ಗುರುತಿಸುವ ಎರಡನೆಯ ಆಂಟಿಬಾಡಿ (ಬ್ಲಾಟಿನಲ್ಲಿ ಮೊದಲ ಆಂಟಿಬಾಡಿ ಎಲ್ಲಿ ಅಂಟಿದೆಯೆಂದು ತೋರಿಸುವಂಥದ್ದು) ಬಳಸಿದರೆ ಈ ತೊಡಕಿನಿಂದ ಪಾರಾಗಬಹುದು. 50 ಕಿಲೋಡಾಲ್ಟನ್ ಸುತ್ತಮುತ್ತಲಿನ ಪ್ರೋಟೀನುಗಳಿಗೆ ಇದೇ ತೊಂದರೆ ಭಾರ ಸರಪಳಿಯಿಂದ ಬರುತ್ತದೆ, ಆಗ ಹಗುರ ಸರಪಳಿಯನ್ನು ಗುರುತಿಸುವ ಆಂಟಿಬಾಡಿಯನ್ನು ತೆಗೆದುಕೊಳ್ಳಬೇಕು.

ಹಂತ 9: ಮಾಸ್ ಸ್ಪೆಕ್ಟ್ರೋಮೆಟ್ರಿ, ಆಮೇಲೆ ಜರಡಿ

ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಪ್ರೋಟೀನುಗಳನ್ನು ಟ್ರಿಪ್ಸಿನ್ ಕಿಣ್ವ ಲೈಸೀನ್ ಮತ್ತು ಅರ್ಜಿನೀನ್‌ಗಳ ನಂತರ ತುಂಡರಿಸುತ್ತದೆ, ಆ ತುಂಡುಗಳ ದ್ರವ್ಯರಾಶಿಯಿಂದ ಮೂಲ ಪ್ರೋಟೀನ್ ಯಾವುದೆಂದು ಗುರುತಿಸಲಾಗುತ್ತದೆ. ಮಾರ್ಜಕ ಉಳಿದಿದ್ದರೆ ಉಪಕರಣದ ಓದು ಕೆಡುತ್ತದೆ, ಆದ್ದರಿಂದ ಕೊನೆಯ ಎರಡು ತೊಳೆತ ಮಾರ್ಜಕವಿಲ್ಲದ ಬಫರಿನಲ್ಲಿ ಆಗಬೇಕು. ಕೈಗವಸು ಹಾಕಿ, ತೋಳು ಮುಚ್ಚಿ ಕೆಲಸ ಮಾಡದಿದ್ದರೆ ಚರ್ಮದ ಕೆರಾಟಿನ್ ಎಲ್ಲಕ್ಕಿಂತ ಮೇಲೆ ಬರುತ್ತದೆ. ಪ್ರತಿ ಸ್ಥಿತಿಗೂ ಬೇರೆ ಬೇರೆ ದಿನ ಬೆಳೆಸಿದ ಜೀವಕೋಶಗಳಿಂದ ಕನಿಷ್ಠ ಮೂರು ಮಾದರಿಗಳಿರಲಿ. ಒಂದೇ ಲೈಸೇಟನ್ನು ಮೂರು ಪಾಲು ಮಾಡಿದರೆ ಅದು ಮೂರು ಪ್ರಯೋಗವಾಗುವುದಿಲ್ಲ.

ಫಲಿತಾಂಶದ ಕಡತದಲ್ಲಿ "ಶೇ. 1ರ ಸುಳ್ಳು ಪತ್ತೆಯ ದರ" ಎಂದು ನಮೂದಾಗಿರುತ್ತದೆ. ಪಟ್ಟಿಯಲ್ಲಿರುವ ಶೇ. 99ರಷ್ಟು ಪ್ರೋಟೀನುಗಳು ನಿಜವಾದ ಜೊತೆಗಾರರು ಎಂದು ಇದನ್ನು ಓದಿಕೊಳ್ಳುವವರನ್ನು ಬಹಳ ಕಂಡಿದ್ದೇನೆ. ಆ ಪ್ರೋಟೀನುಗಳು ಟ್ಯೂಬಿನಲ್ಲಿ ಇದ್ದವು ಎಂದಷ್ಟೇ ಅದರ ಅರ್ಥ. ಯಾಕೆ ಇದ್ದವು ಎಂಬುದನ್ನು ಅದು ಹೇಳುವುದಿಲ್ಲ. ಟ್ಯುಬ್ಯುಲಿನ್, ಆಕ್ಟಿನ್, ರೈಬೋಸೋಮಿನ ಪ್ರೋಟೀನುಗಳು, ಚಾಪರೋನ್‌ಗಳು ಮಣಿ ಎಲ್ಲಿದ್ದರೂ ಬರುತ್ತವೆ. ಇಂಥ ಅತಿಥಿಗಳನ್ನು ಕಲೆಹಾಕಿದ ಕ್ರೇಪೋಮ್ ಎಂಬ ದತ್ತಸಂಗ್ರಹ 2013ರಿಂದ ಬಳಕೆಯಲ್ಲಿದೆ. ಎರೆಯಿಲ್ಲದ ಕಂಟ್ರೋಲಿಗೆ ಹೋಲಿಸಿ ಪ್ರತಿ ಪ್ರೋಟೀನಿಗೂ ಸಂಭವನೀಯತೆ ಕೊಡುವ ಸೇಂಟ್ ಎಂಬ ಸಾಫ್ಟ್‌ವೇರ್ ಇದೆ. ಇವೆರಡೂ ನಿಮ್ಮದೇ ಕಂಟ್ರೋಲಿಗೆ ಬದಲಿಯಲ್ಲ. ಟರ್ಬೋಐಡಿ ಮಾಡಿದವರು ಪೈರುವೇಟ್ ಕಾರ್ಬಾಕ್ಸಿಲೇಸ್‌ನಂಥ, ಹುಟ್ಟಿನಿಂದಲೇ ಬಯೋಟಿನ್ ಹೊತ್ತ ಕಿಣ್ವಗಳನ್ನೂ ಪಕ್ಕಕ್ಕಿಡಬೇಕು.

ಜರಡಿಯಲ್ಲಿ ಉಳಿದವುಗಳಲ್ಲಿ ಪ್ರಚೋದನೆಯೊಂದಿಗೆ ಏರಿ ಕೈನೇಸ್ ತಡೆಯೊಂದಿಗೆ ಇಳಿದವನ್ನು ಮೇಲಿಡಿ. ಪ್ರಮಾಣದಲ್ಲಿ ದೊಡ್ಡದಾಗಿ ಕಂಡದ್ದು ಮುಖ್ಯವೇ ಆಗಿರಬೇಕೆಂದಿಲ್ಲ. ಗ್ರಾಹಕವನ್ನು ಕ್ಷಣಕಾಲ ಮುಟ್ಟಿ ಹೋಗುವ ಕಿಣ್ವ ಎರಡು ಮೂರು ಪೆಪ್ಟೈಡುಗಳಲ್ಲಷ್ಟೇ ಕಾಣಿಸಿಕೊಳ್ಳಬಹುದು.

ಹಂತ 10: ಒಂದೊಂದನ್ನೇ ಖಾತ್ರಿಪಡಿಸಿ

ಮೊದಲು ತಿರುವುಮುರುವು ಮಾಡಿ: ಜೊತೆಗಾರನನ್ನು ಹಿಡಿದು ನಿಮ್ಮ ಪ್ರೋಟೀನ್ ಬರುತ್ತದೆಯೇ ನೋಡಿ. ಬಂದರೂ ಬಂಧನ ನೇರವೆಂದು ಹೇಳಲು ಆಗುವುದಿಲ್ಲ. ಗ್ರಾಹಕವನ್ನು ಹಿಡಿದಾಗ ಸಾಸ್ ಬರುತ್ತದೆ, ಆದರೆ ನಡುವೆ ಗ್ರಬ್2 ಇರುತ್ತದೆ. ನೇರವೋ ಅಲ್ಲವೋ ತಿಳಿಯಲು ಎರಡೂ ಪ್ರೋಟೀನುಗಳನ್ನು ಶುದ್ಧೀಕರಿಸಿ, ಒಂದಕ್ಕೆ ಜಿಎಸ್‌ಟಿ ಎಂಬ ಟ್ಯಾಗ್ ಸೇರಿಸಿ ಮಣಿಯಲ್ಲಿ ಹಿಡಿದು ಇನ್ನೊಂದು ಜೊತೆಗೆ ಬರುತ್ತದೆಯೇ ಎಂದು ನೋಡುವ ಜಿಎಸ್‌ಟಿ ಪುಲ್‌ಡೌನ್ ಮಾಡಬೇಕು ಅಥವಾ ಬಂಧನದ ಬಲವನ್ನೇ ಅಳೆಯುವ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಇಲ್ಲವೆ ಕ್ಯಾಲೊರಿಮೆಟ್ರಿ ಬಳಸಬೇಕು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಪ್ರೋಟೀನಿಗೆ ಟೈರೊಸಿನ್ ಫಾಸ್ಫೇಟ್ ಇರುವುದಿಲ್ಲವಾದ್ದರಿಂದ ಕೈನೇಸಿನಿಂದ ಫಾಸ್ಫೇಟ್ ಸೇರಿಸಿ, ಅಥವಾ ಫಾಸ್ಫೇಟ್ ಹೊತ್ತ ಪೆಪ್ಟೈಡನ್ನು ಕೊಂಡು ಬಳಸಿ. ಟೈರೊಸಿನ್ ಜಾಗದಲ್ಲಿ ಗ್ಲುಟಮೇಟ್ ಇಟ್ಟು ಫಾಸ್ಫೇಟನ್ನು ಅನುಕರಿಸುವ ಚಾಳಿ ಎಸ್‌ಎಚ್2ರ ಮುಂದೆ ನಡೆಯುವುದಿಲ್ಲ, ಅದರ ಜೇಬಿಗೆ ಫಾಸ್ಫೇಟೇ ಬೇಕು.

ಸೂಕ್ಷ್ಮದರ್ಶಕದಲ್ಲಿ ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದವು ಎಂಬುದು ಬಂಧನಕ್ಕೆ ಸಾಕ್ಷಿಯಲ್ಲ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು, ಗ್ರಬ್2ರಂಥ ಪ್ರೋಟೀನಿನ ಗಾತ್ರ ಕೆಲವೇ ನ್ಯಾನೋಮೀಟರು. ಚಿತ್ರವೇ ಬೇಕಿದ್ದರೆ 10 ನ್ಯಾನೋಮೀಟರಿನೊಳಗಿನ ಸಾಮೀಪ್ಯಕ್ಕೆ ಮಾತ್ರ ಸ್ಪಂದಿಸುವ ಫ್ರೆಟ್ ವಿಧಾನವನ್ನು ಆರಿಸಿ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಒಂದೇ ಅಮೈನೊ ಆಮ್ಲದ ಬದಲಾವಣೆಯಿಂದ ಸಿಗುತ್ತದೆ. ಗ್ರಬ್2ರ 86ನೇ ಸ್ಥಾನದ ಅರ್ಜಿನೀನ್ ಬದಲಿಗೆ ಲೈಸೀನ್ ಇಟ್ಟರೆ ಎಸ್‌ಎಚ್2 ಫಾಸ್ಫೊಟೈರೊಸಿನ್ನನ್ನು ಹಿಡಿಯಲಾರದು, ಎಸ್‌ಎಚ್3 ಭಾಗಗಳು ಮಾತ್ರ ಸಾಸ್‌ಗೆ ಅಂಟಿಕೊಂಡೇ ಇರುತ್ತವೆ. ಈ ಎರಡನೆಯ ಅಂಶವನ್ನು ತೋರಿಸುವುದು ಮೊದಲನೆಯದರಷ್ಟೇ ಅಗತ್ಯ. ಬದಲಾಯಿಸಿದ ಪ್ರೋಟೀನ್ ಸುಮ್ಮನೆ ಮುದುಡಿ ಕೆಟ್ಟಿಲ್ಲ, ಕಳೆದುಕೊಂಡದ್ದು ಒಂದೇ ಬಂಧನವನ್ನು ಎಂದು ಅದರಿಂದಲೇ ಸಾಬೀತಾಗುತ್ತದೆ. ಕೊನೆಗೆ, ಜೀನ್ ತೆಗೆದುಹಾಕಿದ ಜೀವಕೋಶಗಳಿಗೆ ಒಂದು ಕಡೆ ಸಹಜ ಪ್ರೋಟೀನನ್ನೂ ಇನ್ನೊಂದು ಕಡೆ ಈ ಬದಲಾದದ್ದನ್ನೂ ಸಮ ಪ್ರಮಾಣದಲ್ಲಿ ಮರಳಿ ಸೇರಿಸಿ, ಇಜಿಎಫ್ ಕೊಟ್ಟು, ಮುಂದಿನ ಕೊಂಡಿಯಾದ ಇಆರ್‌ಕೆ ಕೈನೇಸ್ ಮೇಲಿನ ಫಾಸ್ಫೇಟ್ ಎಷ್ಟೆಂದು ಎರಡರಲ್ಲೂ ಅಳೆಯಿರಿ. ಸಹಜ ಪ್ರೋಟೀನ್ ಸಂಕೇತವನ್ನು ಮರಳಿಸಿ ಬದಲಾದದ್ದು ಮರಳಿಸದಿದ್ದರೆ, ನೀವು ಗುರುತಿಸಿದ ಬಂಧನ ಸಂಕೇತ ರವಾನೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಬರೆಯಬಹುದು. ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಬಂಧನ ಸುಳ್ಳೆಂದು ತಕ್ಷಣ ತೀರ್ಮಾನಿಸಬೇಡಿ. ಗ್ರಬ್2ರಂತೆ ಕೊಂಡಿಯಾಗುವ ಇನ್ನೊಂದು ಸಂಯೋಜಕ ಪ್ರೋಟೀನ್ ಬೇರೆ ದಾರಿ ಒದಗಿಸಿರಬಹುದೇ, ಅಥವಾ ಮರಳಿ ಸೇರಿಸಿದ ಪ್ರಮಾಣ ಸಹಜಕ್ಕಿಂತ ಹೆಚ್ಚಾಗಿ ವ್ಯತ್ಯಾಸವನ್ನು ಮುಚ್ಚಿಹಾಕಿರಬಹುದೇ ಎಂದು ಮೊದಲು ನೋಡಿ.